ಚಾಕೊಲೇಟ್ ಮೇಲಿನ ಬಿಳಿ ಪದರ ಫಂಗಸ್ಸಾ? ಮನೆಯಲ್ಲಿ ಚಾಕೊಲೇಟ್ ಕರಗಿಸುವ ಮೊದಲು ಇದನ್ನು ಓದಿ

ಹಬ್ಬ, ಹುಟ್ಟುಹಬ್ಬ, ಹೊಸ ವರ್ಷ ಹತ್ತಿರ ಬಂದರೆ ಸಾಕು, ಮೊಬೈಲಿಗೆ ಎರಡು ಬಗೆಯ ಚಾಕೊಲೇಟ್ ವಿಡಿಯೊಗಳು ಬರತೊಡಗುತ್ತವೆ. ಮೊದಲನೆಯದರಲ್ಲಿ ಸ್ಟ್ರಾಬೆರಿ, ಬಾಳೆಹಣ್ಣು, ಬಿಸ್ಕತ್ತುಗಳನ್ನು ಕರಗಿದ ಚಾಕೊಲೇಟಿನಲ್ಲಿ ಅದ್ದಿ ತೆಗೆಯುತ್ತಾರೆ. ಅರ್ಧ ನಿಮಿಷದಲ್ಲಿ ಫಳಫಳ ಹೊಳೆಯುವ ಮಿಠಾಯಿ ಸಿದ್ಧ! ಎರಡನೆಯದು ಎಚ್ಚರಿಕೆಯ ವಿಡಿಯೊ. ಚಾಕೊಲೇಟಿಗೆ ಲೈಟರ್ ಹಿಡಿದು ‘ನೋಡಿ, ಇದು ಮೇಣ’ ಎನ್ನುತ್ತಾರೆ, ಬಿಳಿ ಕಲೆ ತೋರಿಸಿ ‘ಫಂಗಸ್’ ಎನ್ನುತ್ತಾರೆ, ಕವರಿನ ಮೇಲಿನ ಸಂಖ್ಯೆ ತೋರಿಸಿ ‘ಹಂದಿ ಕೊಬ್ಬು’ ಎನ್ನುತ್ತಾರೆ. ಕೊನೆಯಲ್ಲಿ ‘ಎಲ್ಲರಿಗೂ ಕಳಿಸಿ’ ಎಂಬ ಮನವಿ ಇದ್ದೇ ಇರುತ್ತದೆ.

ಈ ಎರಡೂ ವಿಡಿಯೊಗಳು ಒಂದಕ್ಕೊಂದು ಸೇರುವುದು ನಮ್ಮ ಅಡುಗೆಮನೆಯಲ್ಲಿ. ಮೊದಲ ವಿಡಿಯೊ ನೋಡಿ ಚಾಕೊಲೇಟ್ ಕರಗಿಸಲು ಹೋಗುತ್ತೇವೆ, ಅದು ಮುದ್ದೆಯಾಗುತ್ತದೆ. ಇಲ್ಲವೇ ಮರುದಿನ ಬೆಳಿಗ್ಗೆ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಆಗ ಎರಡನೆಯ ವಿಡಿಯೊ ನಿಜವೆನಿಸಿಬಿಡುತ್ತದೆ. ಚೆನ್ನಾಗಿರುವ ಚಾಕೊಲೇಟ್ ಕಸದ ಬುಟ್ಟಿ ಸೇರುತ್ತದೆ. ಅದು ಅಕ್ಕಪಕ್ಕದವರೊಬ್ಬರು ಮನೆಯಲ್ಲೇ ಮಾಡಿ ಮಾರಿದ ಚಾಕೊಲೇಟ್ ಆಗಿದ್ದರಂತೂ ಫೋಟೊ ನೇರವಾಗಿ ಅಪಾರ್ಟ್‌ಮೆಂಟ್ ಗ್ರೂಪಿಗೆ ಹೋಗುತ್ತದೆ. ಒಂದು ತಪ್ಪು ಫಾರ್ವರ್ಡ್ ಒಬ್ಬರ ಸಂಪಾದನೆಯನ್ನೇ ನಿಲ್ಲಿಸಬಹುದು.

ಹಾಗೆಂದು ಚಾಕೊಲೇಟಿನ ವಿಷಯದಲ್ಲಿ ಅಪಾಯವೇ ಇಲ್ಲ ಎಂದಲ್ಲ. ಇದೆ, ಆದರೆ ಅದಿರುವುದು ಈ ವಿಡಿಯೊಗಳು ತೋರಿಸುವ ಕಡೆಯಲ್ಲಲ್ಲ. ಬನ್ನಿ, ಒಂದೊಂದಾಗಿ ನೋಡೋಣ.

ಚಾಕೊಲೇಟಿನಲ್ಲಿ ನಿಜಕ್ಕೂ ಏನಿರುತ್ತದೆ?

ಕೋಕೋ ಬೀಜವನ್ನು ಹುದುಗಿಸಿ, ಒಣಗಿಸಿ, ಹುರಿದು ಅರೆದಾಗ ಬರುವ ಮುದ್ದೆಯಲ್ಲಿ ಎರಡು ಭಾಗಗಳಿವೆ. ಒಂದು ಕಂದು ಬಣ್ಣದ ಕೋಕೋ ಪುಡಿ, ಇನ್ನೊಂದು ಕೋಕೋ ಬೆಣ್ಣೆ ಎಂಬ ಕೊಬ್ಬು. ಇದಕ್ಕೆ ಸಕ್ಕರೆ, ಬೇಕಿದ್ದರೆ ಹಾಲಿನ ಪುಡಿ ಸೇರಿಸಿ ನುಣ್ಣಗೆ ಅರೆದರೆ ಚಾಕೊಲೇಟ್. ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ ಬೆಳೆಯುವ ಕೋಕೋ ಕೂಡ ಹೀಗೆಯೇ ಚಾಕೊಲೇಟ್ ಆಗುತ್ತದೆ. ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1986ರಿಂದ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿದೆ.

ಇಲ್ಲಿ ಎರಡು ಸಂಗತಿ ನೆನಪಿಡಿ. ಮೊದಲನೆಯದು, ಚಾಕೊಲೇಟಿನಲ್ಲಿ ನೀರಿನಂಶ ಇಲ್ಲವೆಂಬಷ್ಟು ಕಡಿಮೆ. ಸಕ್ಕರೆ ಮತ್ತು ಕೋಕೋದ ಸಣ್ಣ ಕಣಗಳು ಕೊಬ್ಬಿನಲ್ಲಿ ತೇಲುತ್ತಿರುತ್ತವೆ, ಅಷ್ಟೆ. ಎರಡನೆಯದು, ಒಳ್ಳೆಯ ಹದದಲ್ಲಿ ಗಟ್ಟಿಯಾದ ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮ ದೇಹದ ಉಷ್ಣತೆ 37 ಡಿಗ್ರಿ. ಹಾಗಾಗಿ ಅದು ಡಬ್ಬಿಯಲ್ಲಿ ಗಟ್ಟಿಯಾಗಿದ್ದು ಬಾಯಲ್ಲಿ ಕರಗುತ್ತದೆ. ಏಪ್ರಿಲ್ ತಿಂಗಳ ಕಲಬುರಗಿ, ರಾಯಚೂರಿನಲ್ಲಿ ಡಬ್ಬಿಯಲ್ಲೇ ಕರಗುವುದೂ ಇದೇ ಕಾರಣಕ್ಕೆ.

ಬೇಕರಿ ಸಾಮಾನಿನ ಅಂಗಡಿಯಲ್ಲಿ ‘ಡಾರ್ಕ್ ಕಾಂಪೌಂಡ್’, ‘ಮಿಲ್ಕ್ ಕಾಂಪೌಂಡ್’, ‘ವೈಟ್ ಕಾಂಪೌಂಡ್’ ಎಂಬ ದೊಡ್ಡ ಗಟ್ಟಿಗಳು ಸಿಗುತ್ತವೆ. ಇವುಗಳಲ್ಲಿ ಕೋಕೋ ಬೆಣ್ಣೆಯ ಬದಲು ತಾಳೆ ಬೀಜದ ಎಣ್ಣೆಯಂಥ ಬೇರೆ ಸಸ್ಯದ ಕೊಬ್ಬು ಇರುತ್ತದೆ. ಬೆಲೆ ಕಡಿಮೆ, ಕರಗಿಸುವುದು ಸುಲಭ. ವಿಡಿಯೊಗಳಲ್ಲಿ ಅರ್ಧ ನಿಮಿಷದಲ್ಲಿ ಹೊಳೆಯುವ ಪದರ ಬರುವುದು ಹೆಚ್ಚಾಗಿ ಇದರಿಂದಲೇ. ಇದು ಪ್ಲಾಸ್ಟಿಕ್ ಅಲ್ಲ, ಕಲಬೆರಕೆಯೂ ಅಲ್ಲ. ಆದರೆ ಇದನ್ನು ‘ಅಸಲಿ ಚಾಕೊಲೇಟ್’ ಎಂದು ಹೇಳಿ ಮಾರಿದರೆ ಅದು ಮೋಸ.

ವ್ಯತ್ಯಾಸ ತಿಳಿಯಲು ಲೈಟರ್ ಬೇಡ, ಕವರ್ ತಿರುಗಿಸಿದರೆ ಸಾಕು. ನಮ್ಮ ದೇಶದ ನಿಯಮದ ಪ್ರಕಾರ ಪೊಟ್ಟಣದ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು. ಪಟ್ಟಿಯಲ್ಲಿ ಕೋಕೋ ಬಟರ್ ಇದ್ದರೆ ಅದು ಚಾಕೊಲೇಟ್ ಬಗೆಯದು. ಅದರ ಜಾಗದಲ್ಲಿ ‘ಹೈಡ್ರೋಜನೇಟೆಡ್ ವೆಜಿಟಬಲ್ ಫ್ಯಾಟ್’ ಇದ್ದರೆ ಕಾಂಪೌಂಡ್. ‘ಡಾರ್ಕ್’ ಎಂದರೆ ಸಕ್ಕರೆ ಇಲ್ಲ ಎಂದೂ ಭಾವಿಸಬೇಡಿ. ಹಲವು ಡಾರ್ಕ್ ಕಾಂಪೌಂಡ್‌ಗಳ ಪಟ್ಟಿಯಲ್ಲಿ ಮೊದಲ ಹೆಸರೇ ಸಕ್ಕರೆಯದು. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಿಗೆ ‘ಡಾರ್ಕ್ ಅಲ್ವಾ, ಏನೂ ಆಗಲ್ಲ ತಿನ್ನಿ’ ಎಂದು ಕೊಡುವ ಮೊದಲು ಇದನ್ನು ಓದಿ.

ಇನ್ನು ‘ವೆಜಿಟಬಲ್ ಫ್ಯಾಟ್’ ಎಂದ ಕೂಡಲೇ ಗಾಬರಿ ಬೇಕಿಲ್ಲ. ಯುರೋಪಿಯನ್ ಒಕ್ಕೂಟದ ಕಾನೂನು ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯ ಜೊತೆಗೆ ಶೇ 5ರವರೆಗೆ ಕೆಲವು ಸಸ್ಯದ ಕೊಬ್ಬುಗಳನ್ನು ಬಳಸಲು ಅವಕಾಶ ಕೊಟ್ಟಿದೆ. ಆ ಪಟ್ಟಿಯಲ್ಲಿ ಸಾಲ್ ಮರದ ಬೀಜ, ಮಾವಿನ ಓಟೆ ಮತ್ತು ಕೋಕಂ ಬೀಜದ ಕೊಬ್ಬುಗಳೂ ಇವೆ. ಕೋಕಂ ಎಂದರೆ ನಮ್ಮ ಮಲೆನಾಡಿನವರ ಮುರುಗಲು, ಕರಾವಳಿಯವರ ಪುನರ್ಪುಳಿ.

ಹೇಳಿಕೆ 1: ‘ಬಿಳಿ ಪದರ ಬಂದರೆ ಅದು ಫಂಗಸ್, ತಿಂದರೆ ವಿಷ’

ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು. ಬೂಷ್ಟು ಬೆಳೆಯಲು ನೀರು ಬೇಕು. ಏನೂ ತುಂಬದ ಸಾದಾ ಚಾಕೊಲೇಟಿನಲ್ಲಿ ಅದಕ್ಕೆ ಬೇಕಾದಷ್ಟು ನೀರು ಇರುವುದಿಲ್ಲ. ಆ ಬಿಳಿ ಪದರವನ್ನು ‘ಬ್ಲೂಮ್’ ಎನ್ನುತ್ತಾರೆ. ಇದು ಎರಡು ಬಗೆ.

ಒಂದು, ಕೊಬ್ಬಿನ ಬ್ಲೂಮ್. ಕೋಕೋ ಬೆಣ್ಣೆ ಆರು ಬಗೆಯ ಹರಳುಗಳಾಗಿ ಗಟ್ಟಿಯಾಗಬಲ್ಲದು. ಐದನೆಯ ಬಗೆಯದ್ದಾದರೆ ಹೊಳಪು ಬರುತ್ತದೆ, ಮುರಿದಾಗ ಟಕ್ಕೆಂದು ಸದ್ದಾಗುತ್ತದೆ. ಕರಗಿಸಿ ಸುಮ್ಮನೆ ಆರಲು ಬಿಟ್ಟರೆ ಬೇರೆ ಬಗೆಯ ಅಸ್ಥಿರ ಹರಳುಗಳು ಮೂಡುತ್ತವೆ. ದಿನ ಕಳೆದಂತೆ ಅವು ರೂಪ ಬದಲಿಸಿಕೊಳ್ಳುವಾಗ ಕೊಬ್ಬು ಮೇಲಕ್ಕೆ ಬಂದು ಬೂದಿ ಬಣ್ಣದ ಪದರವಾಗುತ್ತದೆ. ಬಿಸಿಲಿಗೆ ಕರಗಿ ಮತ್ತೆ ಗಟ್ಟಿಯಾದ ಅಂಗಡಿಯ ಚಾಕೊಲೇಟಿನಲ್ಲೂ ಇದೇ ಆಗುತ್ತದೆ.

ಎರಡು, ಸಕ್ಕರೆಯ ಬ್ಲೂಮ್. ಫ್ರಿಜ್ಜಿನಿಂದ ತೆಗೆದ ಚಾಕೊಲೇಟಿನ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಆ ನೀರಿನಲ್ಲಿ ಸಕ್ಕರೆ ಕರಗುತ್ತದೆ. ನೀರು ಆರಿದ ಮೇಲೆ ಸಕ್ಕರೆ ಮಾತ್ರ ತರಿತರಿಯಾಗಿ ಉಳಿಯುತ್ತದೆ.

ಪರೀಕ್ಷಿಸುವುದು ಸುಲಭ. ಬಿಳಿ ಜಾಗವನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿ. ಬೆರಳಿನ ಬಿಸಿಗೆ ಕರಗಿ ಮಾಯವಾದರೆ ಕೊಬ್ಬು. ಒರಟಾಗಿ, ಹಾಗೇ ಉಳಿದರೆ ಸಕ್ಕರೆ. ಎರಡೂ ತಿನ್ನಲು ಸುರಕ್ಷಿತ, ರುಚಿ ಮತ್ತು ಅಂದ ಮಾತ್ರ ಕಡಿಮೆ. ಕೊಬ್ಬಿನ ಬ್ಲೂಮ್ ಬಂದದ್ದನ್ನು ಮತ್ತೆ ಕರಗಿಸಿ ಬಳಸಬಹುದು. ಸಕ್ಕರೆಯ ಬ್ಲೂಮ್ ಬಂದದ್ದನ್ನು ಬಿಸಿ ಹಾಲಿಗೋ ಕೇಕಿಗೋ ಹಾಕಬಹುದು.

ಹಾಗಾದರೆ ಯಾವಾಗ ಬಿಸಾಡಬೇಕು? ಹತ್ತಿಯಂತೆ ಎದ್ದು ನಿಂತ, ಹಸಿರು ಅಥವಾ ಕಪ್ಪು ಬಣ್ಣದ ಬೂಷ್ಟು ಕಂಡರೆ, ಮುಗ್ಗಲು ವಾಸನೆ ಬಂದರೆ, ಜೇಡರ ಬಲೆಯಂಥ ಎಳೆ, ಸಣ್ಣ ತೂತು ಅಥವಾ ಹುಳು ಕಂಡರೆ. ಹಣ್ಣು, ಕ್ರೀಮ್, ಖೋವಾ ತುಂಬಿದ ಚಾಕೊಲೇಟಿನಲ್ಲಿ ನೀರಿನಂಶ ಇರುವುದರಿಂದ ನಿಜವಾದ ಬೂಷ್ಟು ಬರಬಹುದು. ಅಂಗಡಿಯಿಂದ ತಂದ ಪೊಟ್ಟಣದಲ್ಲಿ ಹುಳು ಸಿಕ್ಕಿದರೆ ಬಿಲ್ ಮತ್ತು ಕವರ್ ಇಟ್ಟುಕೊಂಡು ಆಹಾರ ಸುರಕ್ಷತಾ ಇಲಾಖೆಗೆ ದೂರು ಕೊಡಿ. ಗ್ರೂಪಿಗೆ ಕಳಿಸುವುದಕ್ಕಿಂತ ಅದು ಹೆಚ್ಚು ಉಪಯೋಗದ ಕೆಲಸ.

ಹೇಳಿಕೆ 2: ‘ಬೆಂಕಿ ಹಿಡಿದರೆ ಉರಿಯುತ್ತದೆ, ಆದ್ದರಿಂದ ಮೇಣ’

ತಪ್ಪು. ಕೊಬ್ಬು ಮತ್ತು ಸಕ್ಕರೆ ಇರುವ ಯಾವ ತಿನಿಸೂ ಬೆಂಕಿಗೆ ಹಿಡಿದರೆ ಉರಿಯುತ್ತದೆ ಇಲ್ಲವೇ ಕರಕಲಾಗುತ್ತದೆ. ಶೇಂಗಾ ಬೀಜ, ಒಣ ಕೊಬ್ಬರಿ ಕೂಡ ಚೆನ್ನಾಗಿ ಉರಿಯುತ್ತವೆ. ಅವುಗಳಲ್ಲಿ ಯಾರೂ ಮೇಣ ಬೆರೆಸಿಲ್ಲವಲ್ಲ! ‘ಕೈಯಲ್ಲಿ ಹಿಡಿದರೆ ಕರಗದಿದ್ದರೆ ಮೇಣ’ ಎಂಬ ಪರೀಕ್ಷೆಯೂ ಅಷ್ಟೆ. ಅದು ಕಾಂಪೌಂಡ್ ಇರಬಹುದು, ಅಥವಾ ನಿಮ್ಮ ಕೈ ತಣ್ಣಗಿರಬಹುದು. ‘ನೀರಿಗೆ ಹಾಕಿದರೆ ಕರಗಲಿಲ್ಲ’ ಎಂಬುದಂತೂ ಸಹಜ, ಏಕೆಂದರೆ ಕೊಬ್ಬು ನೀರಿನಲ್ಲಿ ಕರಗುವುದಿಲ್ಲ.

ಮೇಣದ ಮಾತು ಪೂರ್ತಿ ಕಟ್ಟುಕತೆಯೂ ಅಲ್ಲ. ಹೊಳೆಯುವ ಗುಂಡು ಚಾಕೊಲೇಟುಗಳಿಗೆ ತಾಳೆ ಜಾತಿಯ ಮರದ ಎಲೆಯಿಂದ ಬರುವ ಕಾರ್ನೌಬಾ ಮೇಣದ ತೆಳು ಲೇಪ ಕೊಡುವುದುಂಟು. ಅದು ಆಹಾರಕ್ಕೆ ಅನುಮತಿ ಇರುವ ಮೇಣ, ಬಳಸುವ ಪ್ರಮಾಣವೂ ತೀರಾ ಕಡಿಮೆ. ಅಮೆರಿಕದ ಹಳೆಯ ಮನೆ ಅಡುಗೆಗಳಲ್ಲಿ ಅದ್ದುವ ಚಾಕೊಲೇಟಿಗೆ ಪ್ಯಾರಾಫಿನ್ ಮೇಣ ಸೇರಿಸುವ ರೂಢಿ ಇತ್ತು. ಅದನ್ನು ನೋಡಿ ‘ಹೊಳಪಿಗೆ ಒಂದು ತುಂಡು ಮೇಣದಬತ್ತಿ ಹಾಕಿ’ ಎಂದು ಯಾರಾದರೂ ಹೇಳಿದರೆ ಖಂಡಿತ ಕೇಳಬೇಡಿ. ದೀಪದ ಮೇಣದಬತ್ತಿ ತಿನ್ನುವ ವಸ್ತುವಲ್ಲ. ಅದರಲ್ಲಿ ಬಣ್ಣ, ಸುಗಂಧ ಮತ್ತಿತರ ವಸ್ತುಗಳಿರಬಹುದು. ಹೊಳಪು ಬೇಕಾದರೆ ಅದಕ್ಕೆ ಬೇರೆ ದಾರಿ ಇದೆ, ಮುಂದೆ ಹೇಳುತ್ತೇವೆ.

ಹೇಳಿಕೆ 3: ‘322, 476 ಎಂದಿದ್ದರೆ ಹಂದಿ ಕೊಬ್ಬು’

ತಪ್ಪು. ಇವು ಆಹಾರಕ್ಕೆ ಸೇರಿಸುವ ಪದಾರ್ಥಗಳ ಅಂತರರಾಷ್ಟ್ರೀಯ ಸಂಖ್ಯೆಗಳು. 322 ಎಂದರೆ ಲೆಸಿಥಿನ್. ಚಾಕೊಲೇಟಿನಲ್ಲಿ ಬಳಸುವುದು ಸಾಮಾನ್ಯವಾಗಿ ಸೋಯಾ ಅಥವಾ ಸೂರ್ಯಕಾಂತಿಯದು. 476 ಎಂದರೆ ಪಿಜಿಪಿಆರ್, ಇದನ್ನು ಮುಖ್ಯವಾಗಿ ಹರಳೆಣ್ಣೆಯ ಅಂಶಗಳಿಂದ ತಯಾರಿಸುತ್ತಾರೆ. ಕರಗಿದ ಚಾಕೊಲೇಟ್ ಸರಾಗವಾಗಿ ಹರಿಯಲಿ ಎಂಬುದೇ ಎರಡರ ಕೆಲಸ. ಸಸ್ಯಾಹಾರಿಗಳು ನೋಡಬೇಕಾದದ್ದು ಸಂಖ್ಯೆಯನ್ನಲ್ಲ, ಹಸಿರು ಚೌಕದೊಳಗಿನ ಹಸಿರು ಚುಕ್ಕೆಯನ್ನು. ಸೋಯಾ, ಹಾಲು, ಬೀಜಗಳ ಅಲರ್ಜಿ ಇರುವವರು ಮಾತ್ರ ಪದಾರ್ಥಗಳ ಪಟ್ಟಿಯನ್ನು ಪೂರ್ತಿ ಓದಲೇಬೇಕು.

ಹೇಳಿಕೆ 4: ‘ಗಟ್ಟಿಯಾದರೆ ಒಂದು ಚಮಚ ನೀರು ಹಾಕಿ, ಸರಿಹೋಗುತ್ತದೆ’

ಇದು ಎಚ್ಚರಿಕೆಯ ಸಂದೇಶವಲ್ಲ, ಟಿಪ್ಸ್ ವಿಡಿಯೊಗಳ ಸಲಹೆ. ಮನೆಯಲ್ಲಿ ಅತಿ ಹೆಚ್ಚು ಚಾಕೊಲೇಟ್ ಹಾಳಾಗುವುದು ಇಂಥದ್ದರಿಂದಲೇ. ಚಾಕೊಲೇಟಿನ ಸಕ್ಕರೆ ಕಣಗಳು ಒಣಗಿರುತ್ತವೆ. ನಾಲ್ಕು ಹನಿ ನೀರು ಬಿದ್ದರೆ ಅವು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹರಿಯುತ್ತಿದ್ದ ಚಾಕೊಲೇಟ್ ಕ್ಷಣದಲ್ಲಿ ಗಟ್ಟಿ ಮುದ್ದೆಯಾಗುತ್ತದೆ. ಸಕ್ಕರೆ ಡಬ್ಬಿಗೆ ಒದ್ದೆ ಚಮಚ ಹಾಕಿದರೆ ಗಂಟುಗಟ್ಟುವುದಿಲ್ಲವೇ, ಹಾಗೆಯೇ.

ನೀರು ಬರುವ ದಾರಿಗಳು ಹಲವು: ಒರೆಸದ ಬಟ್ಟಲು, ಒದ್ದೆ ಸೌಟು, ತೊಳೆದ ಸ್ಟ್ರಾಬೆರಿ, ಮುಚ್ಚಳದಿಂದ ತೊಟ್ಟಿಕ್ಕುವ ಆವಿ. ಬೆಣ್ಣೆ ಕೂಡ! ಬೆಣ್ಣೆಯಲ್ಲಿ ಶೇ 16ರವರೆಗೆ ನೀರಿರಬಹುದು. ಹಾಗಾಗಿ ಚಾಕೊಲೇಟ್ ತೆಳುವಾಗಲು ಬೆಣ್ಣೆ, ಹಾಲು, ನೀರು ಬೇಡ. 200 ಗ್ರಾಂ ಚಾಕೊಲೇಟಿಗೆ ಒಂದೆರಡು ಟೀ ಚಮಚ ತುಪ್ಪ ಅಥವಾ ವಾಸನೆ ಇಲ್ಲದ ತೆಂಗಿನೆಣ್ಣೆ ಸಾಕು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಯಲ್ಲೇ ಕರಗುವುದರಿಂದ ಹೆಚ್ಚು ಹಾಕಿದರೆ ಮಂಗಳೂರಿನ ಸೆಕೆಗೆ ಪದರ ಕೈಗೆ ಅಂಟುತ್ತದೆ.

ಮುದ್ದೆಯಾಗಿಯೇಬಿಟ್ಟರೆ? ಬಿಸಾಡಬೇಡಿ. ಆಗ ಇನ್ನಷ್ಟು ದ್ರವ ಸೇರಿಸುವುದೇ ಪರಿಹಾರ. ಸುಮಾರು 50 ಗ್ರಾಮಿಗೆ ಒಂದು ದೊಡ್ಡ ಚಮಚದ ಲೆಕ್ಕದಲ್ಲಿ ಬಿಸಿ ಹಾಲು ಅಥವಾ ಕ್ರೀಮ್ ಹಾಕಿ ಕಲಕಿದರೆ ಸಕ್ಕರೆ ಕರಗಿ ನಯವಾದ ಸಾಸ್ ಆಗುತ್ತದೆ. ಇದು ಮತ್ತೆ ಗಟ್ಟಿ ಪದರವಾಗಿ ನಿಲ್ಲುವುದಿಲ್ಲ. ಆದರೆ ಬಟ್ಟಲನ್ನು ಮಧ್ಯೆ ಇಟ್ಟು ಎಲ್ಲರೂ ಹಣ್ಣು ಅದ್ದಿ ಅದ್ದಿ ತಿನ್ನಲು ಇದೇ ಚೆನ್ನ.

ಸರಿಯಾಗಿ ಕರಗಿಸುವುದು ಹೇಗೆ?

ಕಾಂಪೌಂಡ್ ಆದರೆ: ಸಣ್ಣಗೆ ಹೆಚ್ಚಿ, ಪೂರ್ತಿ ಒಣಗಿದ ಬಟ್ಟಲಿಗೆ ಹಾಕಿ. ಪಾತ್ರೆಯಲ್ಲಿ ಸ್ವಲ್ಪ ನೀರು ಕುದಿಸಿ ಒಲೆ ಆರಿಸಿ, ಅದರ ಮೇಲೆ ಬಟ್ಟಲಿಡಿ. ಬಟ್ಟಲಿನ ತಳ ನೀರಿಗೆ ತಾಗಬಾರದು, ಮೇಲೆ ಮುಚ್ಚಳ ಬೇಡ. ಮೈಕ್ರೋವೇವ್ ಇದ್ದರೆ ಅರ್ಧ ಪವರ್‌ನಲ್ಲಿ 30 ಸೆಕೆಂಡ್ ಇಟ್ಟು ತೆಗೆದು ಕಲಕಿ, ಮತ್ತೆ 15 ಸೆಕೆಂಡ್ ಇಡಿ. ಇಲ್ಲೊಂದು ಎಚ್ಚರ: ಮೈಕ್ರೋವೇವ್‌ನಲ್ಲಿ ಚಾಕೊಲೇಟ್ ತುಂಡು ಒಳಗೆ ಕರಗಿದ್ದರೂ ಹೊರಗೆ ಆಕಾರ ಉಳಿಸಿಕೊಂಡಿರುತ್ತದೆ. ‘ಇನ್ನೂ ಕರಗಿಲ್ಲ’ ಎಂದು ಮತ್ತೆ ಮತ್ತೆ ಇಟ್ಟರೆ ಸೀದುಹೋಗುತ್ತದೆ. ಕೆಲವು ತುಂಡು ಉಳಿದಿರುವಾಗಲೇ ನಿಲ್ಲಿಸಿ ಕಲಕಿ, ಉಳಿದದ್ದು ಇದ್ದ ಬಿಸಿಗೇ ಕರಗುತ್ತದೆ. ಬಿಳಿ ಚಾಕೊಲೇಟಿನಲ್ಲಿ ಹಾಲಿನಂಶ ಹೆಚ್ಚು, ಅದು ಇನ್ನೂ ಬೇಗ ಸೀಯುತ್ತದೆ. ಸೀದ ಚಾಕೊಲೇಟನ್ನು ಸರಿಮಾಡಲು ಆಗುವುದಿಲ್ಲ.

ಕೋಕೋ ಬೆಣ್ಣೆ ಇರುವ ಚಾಕೊಲೇಟ್ ಆದರೆ: ಹೊಳಪಿಗೆ ‘ಟೆಂಪರಿಂಗ್’ ಬೇಕು. ಹೆಸರು ಕೇಳಿ ಹೆದರಬೇಡಿ, ಬೆಲ್ಲದ ಪಾಕಕ್ಕೆ ಎಳೆ ನೋಡುವಂತೆ ಇದೂ ಒಂದು ಹದ. 300 ಗ್ರಾಂ ಡಾರ್ಕ್ ಚಾಕೊಲೇಟಿನಲ್ಲಿ 200 ಗ್ರಾಂ ಅನ್ನು ಸುಮಾರು 45 ಡಿಗ್ರಿಯವರೆಗೆ ಕರಗಿಸಿ. ಕೆಳಗಿಳಿಸಿ, ಉಳಿದ 100 ಗ್ರಾಂ ಅನ್ನು ತುರಿದು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ 31-32 ಡಿಗ್ರಿಗೆ ಬರುವವರೆಗೆ ಕಲಕಿ. ಮಿಲ್ಕ್ ಚಾಕೊಲೇಟಿಗೆ 29-30 ಡಿಗ್ರಿ. ಹಾಲಿಗೆ ಹೆಪ್ಪು ಹಾಕಿದಂತೆ, ತುರಿಯಲ್ಲಿರುವ ಒಳ್ಳೆಯ ಹರಳುಗಳು ಉಳಿದ ಕೊಬ್ಬಿಗೂ ಅದೇ ರೂಪ ಕೊಡುತ್ತವೆ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಹನಿ ತುಟಿಯ ಕೆಳಗೆ ಮುಟ್ಟಿಸಿ, ತುಸು ತಣ್ಣಗೆ ಅನಿಸಬೇಕು. ಚಾಕುವಿನ ತುದಿ ಅದ್ದಿ ಇಟ್ಟರೆ ತಂಪಾದ ಜಾಗದಲ್ಲಿ ಐದಾರು ನಿಮಿಷದಲ್ಲಿ ಹೊಳಪಿನಿಂದ ಗಟ್ಟಿಯಾಗಬೇಕು.

ಇಷ್ಟು ಮಾಡುವ ತಾಳ್ಮೆ ಇಲ್ಲವೇ? ಕರಗಿಸಿ, ಅದ್ದಿ, ಕೂಡಲೇ ಫ್ರಿಜ್ಜಿನಲ್ಲಿಟ್ಟು ಅದೇ ದಿನ ತಿಂದು ಮುಗಿಸಿ. ಬ್ಲೂಮ್ ಬರುವಷ್ಟು ಸಮಯವೇ ಇರುವುದಿಲ್ಲ. ಮಾಡಬಾರದ್ದು ಒಂದೇ: ‘ರುಚಿಗೆ ಅರ್ಧ, ಹೊಳಪಿಗೆ ಅರ್ಧ’ ಎಂದು ಚಾಕೊಲೇಟ್ ಮತ್ತು ಕಾಂಪೌಂಡ್ ಬೆರೆಸುವುದು. ಎರಡರ ಕೊಬ್ಬುಗಳು ಒಂದಕ್ಕೊಂದು ಹೊಂದುವುದಿಲ್ಲ. ಪದರ ಮೆತ್ತಗಾಗಿ ಬೇಗ ಬೆಳ್ಳಗಾಗುತ್ತದೆ.

ಏನನ್ನು ಅದ್ದಬಹುದು, ಎಷ್ಟು ದಿನ ಇಡಬಹುದು?

ಚಿಕ್ಕಿ, ಬಿಸ್ಕತ್ತು, ಬಾದಾಮಿ, ಖರ್ಜೂರ, ಒಣ ಅಂಜೂರದಂಥ ಒಣ ತಿನಿಸುಗಳು ಅದ್ದಲು ಅತಿ ಸುಲಭ. ಗಾಳಿಯಾಡದ ಡಬ್ಬಿಯಲ್ಲಿ ಕೆಲವು ದಿನ ಇಡಬಹುದು. ತುಪ್ಪ ಜಿನುಗುವ ಮೈಸೂರು ಪಾಕ್ ಅದ್ದಿದರೆ ತುಪ್ಪ ಚಾಕೊಲೇಟಿಗೆ ಸೇರಿ ಪದರ ಮೆತ್ತಗಾಗುತ್ತದೆ, ಬೇಗ ತಿನ್ನಬೇಕು. ಪೇಡ, ಹಸಿ ಕಾಯಿಯ ಬರ್ಫಿ ಎಷ್ಟು ದಿನ ಬಾಳಿಕೆ ಬರುತ್ತವೋ ಅಷ್ಟೇ ದಿನ, ಚಾಕೊಲೇಟ್ ಹಚ್ಚಿದರೆ ಆಯಸ್ಸು ಹೆಚ್ಚುವುದಿಲ್ಲ.

ಫಾರ್ವರ್ಡ್‌ಗಳು ಹೇಳದ ನಿಜವಾದ ಅಪಾಯ ಇಲ್ಲೇ ಇರುವುದು. ಹೆಚ್ಚಿದ ಹಣ್ಣಿನ ಮೇಲೆ ಚಾಕೊಲೇಟ್ ಹಚ್ಚಿದರೆ ಹಣ್ಣು ಕೆಡುವುದಿಲ್ಲ ಎಂದು ಹಲವರು ನಂಬುತ್ತಾರೆ. ಪದರದೊಳಗೆ ಹಣ್ಣು ರಸ ಬಿಡುತ್ತಲೇ ಇರುತ್ತದೆ, ಸೂಕ್ಷ್ಮಜೀವಿಗಳಿಗೆ ಬೇಕಾದ ನೀರು ಅಲ್ಲಿದೆ. ಹಣ್ಣನ್ನು ತೊಳೆದು, ಬಟ್ಟೆಯಿಂದ ಒತ್ತಿ ಒರೆಸಿ, ಪೂರ್ತಿ ಆರಿದ ಮೇಲೆ ಅದ್ದಿ. ಫ್ರಿಜ್ಜಿನಲ್ಲಿಟ್ಟು ಅದೇ ದಿನ ಮುಗಿಸಿ. ಮದುವೆ ಮನೆಯ ಸ್ಟಾಲಿನಲ್ಲಿ ಮಧ್ಯಾಹ್ನದಿಂದ ಹೊರಗಿಟ್ಟ ‘ಚಾಕೊಲೇಟ್ ಫ್ರೂಟ್’ ಎಷ್ಟೇ ಹೊಳೆಯುತ್ತಿರಲಿ, ಮಕ್ಕಳಿಗೆ ಕೊಡುವ ಮೊದಲು ಯೋಚಿಸಿ.

ಇನ್ನೂ ಮೂರು ಮಾತು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ದ್ರಾಕ್ಷಿ, ಇಡೀ ಬಾದಾಮಿಯನ್ನು ಚಾಕೊಲೇಟಿನಲ್ಲಿ ಅದ್ದಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಕರಗಿದ ಚಾಕೊಲೇಟ್ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ, ಬಿಸಿ ಬಟ್ಟಲು ಮಕ್ಕಳ ಕೈಗೆ ಸಿಗದಂತಿರಲಿ. ಮನೆಯಲ್ಲಿ ನಾಯಿ ಇದ್ದರೆ ಅದಕ್ಕೆ ಚಾಕೊಲೇಟ್ ಕೊಡಲೇಬೇಡಿ. ಕೋಕೋದಲ್ಲಿರುವ ಥಿಯೋಬ್ರೋಮಿನ್ ಎಂಬ ಅಂಶ ನಾಯಿಗಳಿಗೆ ನಿಜಕ್ಕೂ ವಿಷ.

ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ

• ಉಜ್ಜಿದರೆ ಕರಗುವ ಅಥವಾ ತರಿತರಿಯಾಗಿರುವ ಬಿಳಿ ಪದರ ಫಂಗಸ್ ಅಲ್ಲ. ಹತ್ತಿಯಂತೆ ಎದ್ದ ಬೂಷ್ಟು, ಮುಗ್ಗಲು ವಾಸನೆ, ಹುಳು ಇದ್ದರೆ ಬಿಸಾಡಿ.
• ಲೈಟರ್ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಪದಾರ್ಥಗಳ ಪಟ್ಟಿ ಓದಿ.
• ಕರಗಿಸುವಾಗ ಬಿಸಿ ಕಡಿಮೆ ಇರಲಿ, ನೀರಿನ ಹನಿಯೂ ಬೀಳದಿರಲಿ.
• ಮೇಣದಬತ್ತಿ ಯಾವತ್ತೂ ಬೇಡ.
• ಚಾಕೊಲೇಟ್ ಹಚ್ಚಿದ ಹಣ್ಣು ಅದೇ ದಿನಕ್ಕೆ.

ಮನೆಯಲ್ಲಿ ಮಾಡಿ ಮಾರುವವರಿಗೂ ಒಂದು ಮಾತು. ಸಣ್ಣ ಪ್ರಮಾಣದ ವ್ಯಾಪಾರಕ್ಕೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಕಾಂಪೌಂಡ್ ಬಳಸಿದ್ದರೆ ಹಾಗೆಂದೇ ಬರೆಯಿರಿ, ಮಾಡಿದ ದಿನಾಂಕ ಹಾಕಿ, ‘ಬಿಳಿ ಪದರ ಬಂದರೆ ಗಾಬರಿ ಬೇಡ’ ಎಂಬ ಒಂದು ಸಾಲಿನ ಚೀಟಿ ಜೊತೆಗಿಡಿ. ಕೊಳ್ಳುವವರು ಫೋಟೊ ತೆಗೆದು ಗ್ರೂಪಿಗೆ ಹಾಕುವ ಮೊದಲು ಬೆರಳಿನಿಂದ ಒಮ್ಮೆ ಉಜ್ಜಿ ನೋಡಿ, ಅನುಮಾನ ಉಳಿದರೆ ಮಾಡಿದವರಿಗೇ ಫೋನ್ ಮಾಡಿ ಕೇಳಿ.